ದುಡಿದ ಬೆರಳಿಗೂ ದಾರಿ ಇರಲಿ

ಈಗಷ್ಟೇ ನಮ್ಮ ಬೀದಿ ಅಂಗಡಿಯಲ್ಲಿ ನೋಡಿದೆ. ಪಿಂಚಣಿ ದುಡ್ಡು ತೆಗೆಯೋಕೆ ಬಂದಿದ್ದ ಅಜ್ಜಿಯೊಬ್ಬರು ಬೆರಳಚ್ಚು ಓದೋ ಪುಟ್ಟ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತುತ್ತಲೇ ಇದ್ದರು. ಅಚ್ಚು ತಾಳೆಯಾಗ್ತಿಲ್ಲ. ಸೆರಗಿಗೆ ಒರೆಸಿಕೊಂಡು ಒತ್ತಿದರು, ಆಗಲೂ ಇಲ್ಲ. "ಅಜ್ಜಿ, ಬೇರೆ ಬೆರಳು ಇಡಿ ನೋಡೋಣ" ಅಂತ ಅಂಗಡಿಯವರು ಪಾಪ ತಾಳ್ಮೆಯಿಂದ ಹೇಳ್ತಾನೇ ಇದ್ದರು.

ಇಂಥ ಯಂತ್ರಗಳಷ್ಟೇ ಅಲ್ಲ, ಬೆರಳಚ್ಚು ಓದೋ ಸೆನ್ಸರ್ ಕಾರ್ಡಿನ ಮೇಲೇ ಇರೋ ಪೇಮೆಂಟ್ ಕಾರ್ಡುಗಳೂ ಬಂದಿವೆ. 2017ರಲ್ಲೇ ಮಾಸ್ಟರ್‌ಕಾರ್ಡ್ ದಕ್ಷಿಣ ಆಫ್ರಿಕಾದಲ್ಲಿ ಇಂಥದ್ದನ್ನು ಪರೀಕ್ಷೆ ಮಾಡಿತ್ತು. ಬೆರಳಿನ ಗುರುತು ಕಾರ್ಡಿನ ಚಿಪ್‌ನಲ್ಲೇ ಇರುತ್ತೆ, ತಾಳೆ ನೋಡೋದೂ ಅಲ್ಲೇ. ಪಿನ್ ನೆನಪಿಡೋ ಕಷ್ಟ ಇಲ್ಲ, ಹಿಂದೆ ನಿಂತವರು ಇಣುಕ್ತಾರೆ ಅನ್ನೋ ಭಯ ಇಲ್ಲ. ನಿಜಕ್ಕೂ ಒಳ್ಳೆ ಯೋಚನೆ.

ಆದರೆ ಗಾರೆ ಕೆಲಸ, ಕಳೆ ಕೀಳೋದು, ಕಲ್ಲು ಒಡೆಯೋದು, ದಿನವಿಡೀ ಪಾತ್ರೆ ತಿಕ್ಕೋದು... ಬೆರಳಿನ ಗೆರೆ ಸವೆಯೋದು ಇಂಥ ಕೈಗಳಲ್ಲೇ. ವಯಸ್ಸಾದಂತೆ ಚರ್ಮ ಒಣಗಿ ಇನ್ನಷ್ಟು ಮಸುಕಾಗುತ್ತೆ. ಜೀವನಪೂರ್ತಿ ಮೈಮುರಿದು ದುಡಿದವರಿಗೇ ತಮ್ಮ ದುಡ್ಡು ಕೈಗೆ ಸಿಗದೇ ಹೋದರೆ ಅದೆಂಥ ನ್ಯಾಯ?

ಬೆರಳಚ್ಚು ಖಂಡಿತ ಇರಲಿ. ಜೊತೆಗೆ ಪಿನ್ನೋ, ಕಣ್ಣಿನ ಪಾಪೆಯೋ, ಮುಖವೋ, ಇನ್ನೊಂದು ದಾರಿ ಅದೇ ಜಾಗದಲ್ಲಿ, ಅದೇ ಕ್ಷಣದಲ್ಲಿ ಸಿಗಲೇಬೇಕು. ಯಾರನ್ನೂ ಬರಿಗೈಯಲ್ಲಿ ವಾಪಸ್ ಕಳಿಸಬಾರದು.

ನಿಮ್ಮ ಮನೆಯ ಹಿರಿಯರಿಗೂ ಹೀಗಾಗಿದೆಯಾ? ಆಗ ಏನು ಮಾಡಿದ್ರಿ? ಕೆಳಗೆ ಬರೀರಿ, ಬೇರೆಯವರಿಗೂ ಉಪಯೋಗವಾಗಲಿ.