ಮೆಚ್ಚುಗೆಯ ನಾಣ್ಯ

ಬರೆಯುವವನಿಗೆ ಹಣವುಂಟು, ಓದುವವನಿಗೆ ಖರ್ಚಿಲ್ಲ, ನಡುವೆ ಜಾಹೀರಾತಿನ ಉಪದ್ರವವೂ ಇಲ್ಲ. ಇಂತಹದೊಂದು ಏರ್ಪಾಡು ಸಾಧ್ಯವೆಂದು ಯಾರಾದರೂ ಹೇಳಿದರೆ ಲೋಕಾನುಭವವುಳ್ಳವರು ಮೊದಲು ನಗುತ್ತಾರೆ. ಬಳಿಕ ಆ ಹಣವು ಯಾರ ಜೇಬಿನಿಂದ ಬರುತ್ತದೆಂದು ಕೇಳುತ್ತಾರೆ. 2016ರ ಮಾರ್ಚ್ ತಿಂಗಳಿನಲ್ಲಿ ಅಮೆರಿಕದ ನೆಡ್ ಸ್ಕಾಟ್ ಮತ್ತು ಡ್ಯಾನಿಯಲ್ ಲಾರಿಮರ್ ಎಂಬಿಬ್ಬರು ಆರಂಭಿಸಿದ ‘ಸ್ಟೀಮಿಟ್’ ಎಂಬ ಸಾಮಾಜಿಕ ಜಾಲತಾಣವು ಇಂತಹುದೇ ಭರವಸೆಯನ್ನು ಜಗತ್ತಿನ ಮುಂದಿಟ್ಟಿತು. ಮುಂದಿನ ನಾಲ್ಕು ವರ್ಷಗಳಲ್ಲಿ ಅದು ಕಂಡ ಏಳುಬೀಳುಗಳು ಮೌಲ್ಯವೆಂದರೇನು ಎಂಬ ಹಳೆಯ ಪ್ರಶ್ನೆಯನ್ನು ಹೊಸ ವೇಷದಲ್ಲಿ ತಂದು ನಿಲ್ಲಿಸಿದವು.

ಅದರ ಅಸ್ತಿಭಾರ ಬ್ಲಾಕ್‌ಚೈನ್. ಎಂದರೆ, ಒಬ್ಬನೇ ಶಾನುಭೋಗನ ಕೈಯಲ್ಲಿರದೆ ಅನೇಕ ಯಂತ್ರಗಳಲ್ಲಿ ಏಕಕಾಲಕ್ಕೆ ಪ್ರತಿಯಾಗಿ ಉಳಿಯುವ ಲೆಕ್ಕದ ಖಾತೆ. ಹಿಂದಿನ ಪುಟದ ಗುರುತನ್ನು ಮುಂದಿನ ಪುಟವು ಹೊತ್ತಿರುವುದರಿಂದ ನಡುವಿನ ಹಾಳೆಯನ್ನು ಗುಟ್ಟಾಗಿ ತಿದ್ದಲು ಬಾರದು. ಸ್ಟೀಮ್ ಎಂಬ ಈ ಖಾತೆಗೆ 3 ಸೆಕೆಂಡುಗಳಿಗೊಮ್ಮೆ ಹೊಸ ಪುಟ ಸೇರುವಂತೆ ವಿಧಿಸಲಾಗಿತ್ತು. ಪುಟ ಸೇರಿಸುವ ಅಧಿಕಾರವು ಮುಖ್ಯವಾಗಿ ‘ಸಾಕ್ಷಿ’ಗಳೆನಿಸಿಕೊಂಡ 20 ಮಂದಿಯದು, ಅವರನ್ನು ಆರಿಸುವವರು ನಾಣ್ಯವುಳ್ಳವರು. ಓದುಗರು ಮೆಚ್ಚಿ ಮತವಿತ್ತ ಬರಹಕ್ಕೆ ಹೊಸದಾಗಿ ಟಂಕಿಸಿದ ನಾಣ್ಯದಲ್ಲಿ ಸಂಭಾವನೆ ಸಲ್ಲುತ್ತಿತ್ತು. ಮತದ ತೂಕವಾದರೋ ಮತದಾರನ ವಿವೇಕಕ್ಕೆ ತಕ್ಕಂತಲ್ಲ, ಅವನು ಕೂಡಿಟ್ಟ ನಾಣ್ಯಕ್ಕೆ ತಕ್ಕಂತೆ.

ಸ್ಥಾಪಕರ ವಾದದಲ್ಲಿ ನ್ಯಾಯವಿರಲಿಲ್ಲವೆನ್ನಲಾಗದು. ಜಾಲತಾಣಗಳನ್ನು ತುಂಬುವವರು ಬಳಕೆದಾರರು. ಲಾಭ ಮಾತ್ರ ಮಾಲೀಕರದು. ಇದು ಅವರ ಆಕ್ಷೇಪ. ಆದರೆ ಲೆಕ್ಕ ಹಾಕಿ ನೋಡಿದರೆ ಮಾತು ಬೇರೆಯಾಗುತ್ತದೆ. 2016ರಲ್ಲಿ ಫೇಸ್‌ಬುಕ್ ಸಂಸ್ಥೆಯ ಒಟ್ಟು ಆದಾಯ ಸುಮಾರು 2,760 ಕೋಟಿ ಡಾಲರು. ವರ್ಷಾಂತ್ಯದಲ್ಲಿ ತಿಂಗಳಿಗೊಮ್ಮೆಯಾದರೂ ಅದನ್ನು ಬಳಸುತ್ತಿದ್ದವರು ಸುಮಾರು 186 ಕೋಟಿ ಜನ. ಖರ್ಚನ್ನು ಕಳೆಯದೆ ಅಷ್ಟನ್ನೂ ಹಂಚಿದರೂ ತಲೆಗೆ ವರ್ಷಕ್ಕೆ 15 ಡಾಲರು ಬಂದೀತು. ಸ್ಟೀಮಿಟ್‌ನಲ್ಲಿಯಾದರೋ 2016ರ ಜುಲೈ ತಿಂಗಳಿನಲ್ಲಿ ಒಂದೊಂದು ಬರಹಕ್ಕೆ ನೂರಾರು ಡಾಲರುಗಳ ಸಂಭಾವನೆ ಕಾಣಿಸಿಕೊಂಡಿತು. ಜಾಹೀರಾತೂ ಇಲ್ಲದೆ, ಚಂದಾವೂ ಇಲ್ಲದೆ ಇಷ್ಟು ದೊಡ್ಡ ಮೊತ್ತ ಹುಟ್ಟಿದ್ದಾದರೂ ಎಲ್ಲಿಂದ?

ಉತ್ತರ ಸರಳವಾಗಿದೆ: ಹೊಸದಾಗಿ ನಾಣ್ಯ ಕೊಳ್ಳುವವರ ಕಿಸೆಯಿಂದ. ಮೊದಲಲ್ಲಿ ನಾಣ್ಯಗಳ ಸಂಖ್ಯೆ ವಿಪರೀತ ವೇಗದಲ್ಲಿ ಬೆಳೆಯುತ್ತಿತ್ತು. 2016ರ ಡಿಸೆಂಬರಿನಲ್ಲಿ ನಿಯಮ ಬದಲಾಗಿ ವರ್ಷಕ್ಕೆ ಶೇಕಡಾ 9.5ರಿಂದ ಆರಂಭಿಸಿ ಕ್ರಮೇಣ ಇಳಿಯುವಂತೆ ಮಾಡಲಾಯಿತು. ಹೀಗೆ ಟಂಕಿಸಿದುದರ ಮುಕ್ಕಾಲು ಪಾಲು ಬರೆಯುವವರಿಗೂ ಮತವೀಯುವವರಿಗೂ ಮೀಸಲು. ಅವರು ಮಾರಲು ಹೊರಟಾಗ ಕೊಳ್ಳುವವನೊಬ್ಬನು ಬೇಕಲ್ಲವೆ? ಅವನೇಕೆ ಕೊಳ್ಳಬೇಕು? ನಾಣ್ಯವಿದ್ದರೆ ಮುಂದಿನ ನಾಣ್ಯ ಯಾರಿಗೆ ಸಲ್ಲಬೇಕೆಂದು ನಿರ್ಣಯಿಸುವ ಹಕ್ಕು ದೊರೆಯುತ್ತದೆ ಎಂಬುದೇ ಮುಖ್ಯ ಕಾರಣ. ತನ್ನ ಬಾಲವನ್ನು ತಾನೇ ನುಂಗುವ ಹಾವಿನಂತಹ ತರ್ಕವಿದು. ಆಯ್ದಕ್ಕಿ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿ ತಂದಂದು, ಈ ಹೆಚ್ಚಳ ಎಲ್ಲಿಯದೆಂದು ಕೇಳಿ ಹಿಂದಿರುಗಿಸಹೇಳಿದ ಲಕ್ಕಮ್ಮನಂತಹ ಲೆಕ್ಕಪರಿಶೋಧಕಿ ಅಲ್ಲಿ ಯಾರೂ ಇರಲಿಲ್ಲವೆಂದು ತೋರುತ್ತದೆ.

ಆದರೂ ಇದೆಲ್ಲ ಬರಿಯ ಗಾಳಿಗೋಪುರವೆಂದು ತಳ್ಳಿಹಾಕುವುದು ಅವಸರದ ಮಾತಾದೀತು. ತನ್ನ ದೇಶದ ಹಣವೇ ದಿನದಿನಕ್ಕೆ ಕರಗುತ್ತಿದ್ದ ವೆನೆಜುವೆಲಾದಲ್ಲಿ ಅನೇಕರು ಈ ಸಂಭಾವನೆಯನ್ನು ಮಾರಿ ಮನೆಗೆ ದಿನಸಿ ತಂದರು. ಅವರ ಪಾಲಿಗೆ ಅದು ಊಹಾಪೋಹದ ಹಣವಲ್ಲ, ಊಟ. ಆದರೆ ಆ ಊಟದ ಬೆಲೆಯನ್ನು ಅಷ್ಟೇ ನಿಜವಾದ ಮನುಷ್ಯನೊಬ್ಬನು ಬೇರೆಲ್ಲಿಯೋ ತೆತ್ತಿದ್ದನು, ಲಾಭದ ಆಸೆಯಿಂದ. 2016ರ ಜುಲೈಯಲ್ಲಿ 4 ಡಾಲರನ್ನು ದಾಟಿದ್ದ ಸ್ಟೀಮ್ ನಾಣ್ಯ 2017ರ ಮಾರ್ಚಿನಲ್ಲಿ 10 ಸೆಂಟಿಗಿಂತ ಕೆಳಗಿಳಿಯಿತು. 2018ರ ಜನವರಿಯಲ್ಲಿ 8 ಡಾಲರನ್ನು ದಾಟಿ, ವರ್ಷ ಮುಗಿಯುವಷ್ಟರಲ್ಲಿ ಅರ್ಧ ಡಾಲರಿಗೂ ಕಡಮೆಯಾಯಿತು. ಒಂದು ಡಾಲರಿಗೆ ಸಮವಾಗಿರಲೆಂದೇ ರೂಪಿಸಿದ ‘ಸ್ಟೀಮ್ ಡಾಲರ್’ ಎಂಬ ಇನ್ನೊಂದು ನಾಣ್ಯವೂ 2017ರ ಡಿಸೆಂಬರಿನಲ್ಲಿ 10 ಡಾಲರನ್ನು ಮೀರಿತು. ಅಳತೆಗೋಲೇ ಹತ್ತು ಪಾಲು ಹಿಗ್ಗಿದರೆ ಬಟ್ಟೆಯ ಉದ್ದವನ್ನು ಹೇಳುವವರಾರು? 2018ರ ನವೆಂಬರಿನಲ್ಲಿ ಕಂಪನಿಯು ತನ್ನ ನೌಕರರಲ್ಲಿ ಸುಮಾರು ಶೇಕಡಾ 70 ಮಂದಿಯನ್ನು ಕೆಲಸದಿಂದ ಬಿಡಿಸಿತು.

ಈ ನಡುವೆ ಮತಗಳೇ ಮಾರಾಟದ ಸರಕಾದವು. ಇಷ್ಟು ಹಣ ಕೊಟ್ಟರೆ ಇಷ್ಟು ತೂಕದ ಮೆಚ್ಚುಗೆಯನ್ನೊತ್ತುವ ಯಂತ್ರಗಳು ಹುಟ್ಟಿಕೊಂಡವು. ಓದದೆಯೇ ಮೆಚ್ಚುವ ಓದುಗರು! ವಿಮರ್ಶಕರ ಇತಿಹಾಸದಲ್ಲಿ ಇದು ತೀರ ಹೊಸದೇನಲ್ಲವೆಂದು ಕುಚೋದ್ಯ ಮಾಡುವವರೂ ಇದ್ದಾರು. 2019ರ ಆಗಸ್ಟಿನಲ್ಲಿ ಸಂಭಾವನೆಯನ್ನು ಬರಹಗಾರನಿಗೂ ಮತದಾರನಿಗೂ ಸಮಭಾಗ ಮಾಡಿ ಈ ವ್ಯಾಪಾರವನ್ನು ತಡೆಯಲೆತ್ನಿಸಿದರು. ಅದಕ್ಕಿಂತ ದೊಡ್ಡ ಕೊರತೆಯತ್ತ ಯಾರ ಗಮನವೂ ಅಷ್ಟಾಗಿ ಹೋಗಲಿಲ್ಲ: ಬರಹಕ್ಕೆ ಸಂಭಾವನೆ ಸಲ್ಲುತ್ತಿದ್ದುದು ಪ್ರಕಟವಾದ 7 ದಿನಗಳವರೆಗೆ ಮಾತ್ರ. ಹತ್ತು ವರ್ಷಗಳ ಮೇಲೆ ಬೆಳಕಿಗೆ ಬರುವ ಗ್ರಂಥಕ್ಕೂ ನಾಳೆ ಬಾಡುವ ಹರಟೆಗೂ ಒಂದೇ ಗಡುವು.

ನಿಜವಾದ ಪರೀಕ್ಷೆ ಬಂದುದು 2020ರಲ್ಲಿ. ಫೆಬ್ರವರಿಯಲ್ಲಿ ಟ್ರಾನ್ ಎಂಬ ಮತ್ತೊಂದು ನಾಣ್ಯದ ಸ್ಥಾಪಕ ಜಸ್ಟಿನ್ ಸನ್ ಸ್ಟೀಮಿಟ್ ಕಂಪನಿಯನ್ನು ಕೊಂಡರು. ಕಂಪನಿಯು ಮೊದಲ ದಿನಗಳಲ್ಲಿಯೇ ತನ್ನದಾಗಿಸಿಕೊಂಡಿದ್ದ ಭಾರೀ ಪಾಲು ಅವರ ಕೈಸೇರುವುದನ್ನು ಕಂಡು ಬೆದರಿದ ಸಾಕ್ಷಿಗಳು ಆ ಪಾಲನ್ನು ಸ್ತಂಭಿಸಿದರು. ಮಾರ್ಚ್ 2ರಂದು ಬೈನಾನ್ಸ್, ಹುವೋಬಿ, ಪೊಲೊನಿಯೆಕ್ಸ್ ಎಂಬ ವಿನಿಮಯ ಕೇಂದ್ರಗಳಲ್ಲಿ ಗಿರಾಕಿಗಳು ಇಟ್ಟಿದ್ದ ನಾಣ್ಯಗಳ ಬಲದಿಂದ ಮತ ಚಲಾಯಿಸಿ, ಅಗ್ರಸ್ಥಾನದ 20 ಸಾಕ್ಷಿಗಳನ್ನೂ ಕೆಳಗಿಳಿಸಲಾಯಿತು. ಠೇವಣಿಯಿಟ್ಟವರನ್ನು ಯಾರೂ ಕೇಳಿರಲಿಲ್ಲ. ಯಾರೊಬ್ಬರ ಸೊತ್ತೂ ಅಲ್ಲವೆಂದು ಹೆಮ್ಮೆಪಟ್ಟ ಖಾತೆಯು ಒಂದೇ ದಿನದಲ್ಲಿ ಕೈ ಬದಲಾಯಿಸಿತು.

ಹಳೆಯ ಬಳಗವು ಸುಮ್ಮನಿರಲಿಲ್ಲ. ಮಾರ್ಚ್ 20ರಂದು ಸಮಗ್ರ ಖಾತೆಯನ್ನು ಪ್ರತಿಮಾಡಿ, ಕಂಪನಿಯ ಪಾಲನ್ನೂ ಅದರ ಪರ ನಿಂತ ಕೆಲವರ ಪಾಲನ್ನೂ ಹೊರಗಿಟ್ಟು, ‘ಹೈವ್’ ಎಂಬ ಹೆಸರಿನಲ್ಲಿ ಬೇರೆ ಸಂಸಾರ ಹೂಡಿತು. ಅರ್ಥಶಾಸ್ತ್ರದ ವಿದ್ಯಾರ್ಥಿ ತಡೆದು ನಿಲ್ಲಬೇಕಾದ ಸ್ಥಳವಿದು. ಅದೇ ಲೆಕ್ಕ, ಅದೇ ಯಂತ್ರಭಾಷೆ, ಅದೇ ಬರಹಗಳು. ನಕಲು ತೆಗೆಯಲು ತಗುಲಿದ ವೆಚ್ಚ ಅತ್ಯಲ್ಪ. ಹಾಗಿದ್ದೂ ಕೆಲವೇ ವಾರಗಳಲ್ಲಿ ಪೇಟೆಯಲ್ಲಿ ನಕಲಿನ ಬೆಲೆ ಮೂಲದ ಬೆಲೆಯನ್ನು ಮೀರಿತು. ಬೆಲೆಯು ಖಾತೆಯಲ್ಲಿದ್ದಿದ್ದರೆ ಹೀಗಾಗಬಾರದಿತ್ತು. ಅಲ್ಲಿ ಏನಾದರೂ ಮೌಲ್ಯವಿದ್ದುದಾದರೆ ಅದು ಎದ್ದು ಹೊರಟ ಜನರ ಪರಸ್ಪರ ವಿಶ್ವಾಸದಲ್ಲಿತ್ತು. ಅವರೊಡನೆಯೇ ಅದೂ ಹೊರಟಿತು. ಇತ್ತ ಸ್ಟೀಮ್‌ನಲ್ಲಿ ಮೇ ತಿಂಗಳಿನಲ್ಲಿ ನಿಯಮವನ್ನೇ ಬದಲಿಸಿ, ಎದುರುಪಕ್ಷದವರೆಂದು ಬಗೆದ 64 ಖಾತೆಗಳಿಂದ ಸುಮಾರು 2 ಕೋಟಿ 36 ಲಕ್ಷ ನಾಣ್ಯಗಳನ್ನು ಕಿತ್ತುಕೊಳ್ಳಲಾಯಿತು. ಒಡೆಯನ ಕೀಲಿಕೈ ಇಲ್ಲದೆ ಯಾರೂ ಮುಟ್ಟಲಾಗದ ಹಣವೆಂದು ಹೇಳುತ್ತಿದ್ದುದು ಇದನ್ನೇ.

ವಿಭಜನೆಗೆ ಮುಂಚಿನ ನಾಲ್ಕು ವರ್ಷಗಳ ಬರಹಗಳೆಲ್ಲವೂ, ಕೊಂಡ ಮೆಚ್ಚುಗೆಯವೂ ನಿಜವಾದ ಮೆಚ್ಚುಗೆಯವೂ ಒಟ್ಟಾಗಿ, ಎರಡು ಖಾತೆಗಳಲ್ಲಿಯೂ ಅಕ್ಷರಶಃ ಒಂದೇ ಆಗಿ ದಾಖಲಾದವು. ಅವುಗಳ ಸಂಭಾವನೆಯ ಗಡುವು ಬಹುತೇಕ ಎಂದೋ ಮುಗಿದಿತ್ತು.