ಎಡಿಸನ್ನಿನಲ್ಲಿ ಗಡ್‌ಬಡ್

ಗಡ್‌ಬಡ್ ಎಂದರೆ ಏನೆಂದು ಮಂಗಳೂರು, ಉಡುಪಿಯ ಮಕ್ಕಳಿಗೆ ನಾನು ಹೇಳಬೇಕಾಗಿಲ್ಲ. ಉಳಿದ ಊರಿನ ಮಕ್ಕಳಿಗಾಗಿ ಹೇಳುತ್ತೇನೆ. ಉದ್ದನೆಯ ಗಾಜಿನ ಲೋಟ. ತಳದಲ್ಲಿ ಕೆಂಪು ಜೆಲ್ಲಿ, ಹೆಚ್ಚಿದ ಹಣ್ಣು. ಅದರ ಮೇಲೆ ಒಂದು ಬಣ್ಣದ ಐಸ್‌ಕ್ರೀಮ್, ಮತ್ತೆ ಹಣ್ಣು, ಮತ್ತೆ ಇನ್ನೊಂದು ಬಣ್ಣದ ಐಸ್‌ಕ್ರೀಮ್, ಗೋಡಂಬಿ, ದ್ರಾಕ್ಷಿ, ಅಂಜೂರ. ತಿನ್ನಲು ಉದ್ದ ಹಿಡಿಯ ಚಮಚ. ಉಡುಪಿಯ ಡಯಾನಾ ಹೋಟೆಲಿನಲ್ಲಿ ಇದು ಹುಟ್ಟಿತೆಂದು ನಮ್ಮಲ್ಲಿ ಹೇಳುತ್ತಾರೆ. ಯಾರೋ ಗಿರಾಕಿಗಳು ಗಡಿಬಿಡಿಯಲ್ಲಿ ಬಂದು ಬೇಗ ಏನಾದರೂ ಕೊಡಿ ಎಂದಾಗ, ಇದ್ದದ್ದನ್ನೆಲ್ಲ ಒಂದೇ ಲೋಟಕ್ಕೆ ತುಂಬಿಸಿ ಕೊಟ್ಟರಂತೆ.

ನನಗೆ ಗಡ್‌ಬಡ್ ರುಚಿ ಹತ್ತಿದ್ದು ಮಂಗಳೂರಿನಲ್ಲಿ. ಮಾರ್ಕೆಟ್ ರೋಡಿನಲ್ಲಿ 1975ರಲ್ಲಿ ಐಡಿಯಲ್ ಐಸ್‌ಕ್ರೀಮ್ ಶುರುವಾಯಿತು. ಮರುವರ್ಷ ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದೆ. ಸಂಬಳದ ದಿನ ಸಂಜೆ ಅಲ್ಲಿಗೆ ಹೋಗುವುದು ಒಂದು ಪದ್ಧತಿಯೇ ಆಗಿಹೋಯಿತು. ಮದುವೆಯ ನಂತರ ಇಬ್ಬರು, ಮಗಳು ಹುಟ್ಟಿದ ಮೇಲೆ ಮೂವರು. ಅವಳಿಗೆ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದರೂ ಗಡ್‌ಬಡ್, ಕಡಿಮೆ ಬಂದು ಅತ್ತರೂ ಗಡ್‌ಬಡ್.

ಆ ಮಗಳು ಈಗ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾಳೆ. ಒಂಬತ್ತು ವರ್ಷದ ಹಿಂದೆ ಅವಳ ಚೊಚ್ಚಲ ಬಸಿರಿನಲ್ಲಿ ಒಂದು ರಾತ್ರಿ ಫೋನು ಮಾಡಿ, "ಅಪ್ಪಾ, ಗಡ್‌ಬಡ್ ತಿನ್ನಬೇಕು ಅನಿಸ್ತದೆ" ಎಂದಳು. ನಾನು ನಕ್ಕುಬಿಟ್ಟೆ. "ವಿಮಾನದಲ್ಲಿ ಕಳಿಸ್ಲಿಕ್ಕೆ ಆಗ್ತದಾ ಮಾರಾಯ್ತಿ? ಬರುವಾಗ ಬೆಣ್ಣೆಯ ಹಾಗೆ ಕರಗಿರ್ತದೆ" ಎಂದೆ. ಅವಳು ನಗಲಿಲ್ಲ. ಆಗ ನನ್ನ ಅಮ್ಮ ಹಾಸಿಗೆ ಹಿಡಿದಿದ್ದರು, ಬಾಣಂತನಕ್ಕೆ ನಾವು ಹೋಗುವ ಹಾಗಿರಲಿಲ್ಲ. ಮಗು ಹುಟ್ಟಿದ ಮೇಲೆ ನನ್ನವಳು ಒಂದು ಮಾತು ಹೇಳಿದಳು: "ಬಸುರಿಯ ಬಯಕೆಗೆ ನೀವು ನಗಬಾರದಿತ್ತು." ಬ್ಯಾಂಕಿನಲ್ಲಿ ಮೂವತ್ತೇಳು ವರ್ಷ ಲೆಕ್ಕ ಬರೆದವನಿಗೆ ಬಾಕಿ ಎಂದರೆ ಏನೆಂದು ಗೊತ್ತು. ಇದು ನನ್ನ ಖಾತೆಯಲ್ಲಿ ಉಳಿದೇಹೋಯಿತು.

ಈ ವರ್ಷ ಎರಡನೆಯ ಸಲ. ಮೇ ತಿಂಗಳಲ್ಲಿ ನಾವಿಬ್ಬರೂ ಹೋದೆವು. ಊರಿನ ಹೆಸರು ಎಡಿಸನ್. ಹೌದು ಮಕ್ಕಳೇ, ಬಲ್ಬಿನ ಎಡಿಸನ್ನೇ. 1879ರಲ್ಲಿ ಅವರು ಬಲ್ಬು ಉರಿಸಿದ ಮೆನ್ಲೋ ಪಾರ್ಕ್ ಈ ಊರಿನೊಳಗೇ ಇದೆ. ಅಲ್ಲಿ ಎತ್ತರದ ಗೋಪುರ ಕಟ್ಟಿ ತುದಿಗೆ ದೊಡ್ಡ ಬಲ್ಬು ಕೂರಿಸಿದ್ದಾರೆ. 1954ರಲ್ಲಿ ಊರಿಗೇ ಅವರ ಹೆಸರಿಟ್ಟರು. ಇಲ್ಲಿನ ಓಕ್ ಟ್ರೀ ರೋಡಿನಲ್ಲಿ ನಡೆದರೆ ಅಮೆರಿಕ ಮರೆತೇಹೋಗುತ್ತದೆ. ಸೀರೆ ಅಂಗಡಿ, ಬಂಗಾರದ ಅಂಗಡಿ, ಮಿಠಾಯಿ, ಪಾನ್, ದೋಸೆ, ಎಲ್ಲ ಉಂಟು. ಹಾಗಾಗಿ ಗಡ್‌ಬಡ್ಡೂ ಇದ್ದೀತು ಎಂದು ನಾನೂ ಎಂಟು ವರ್ಷದ ಮೊಮ್ಮಗನೂ ಹೊರಟೆವು.

ಮಾವಿನ ಕುಲ್ಫಿ ಇತ್ತು, ಕೇಸರಿ ಪಿಸ್ತಾ ಇತ್ತು, ಫಲೂದಾ ಇತ್ತು. ಒಂದು ಅಂಗಡಿಯಲ್ಲಿ ನನ್ನ ಹರಕು ಹಿಂದಿಯಲ್ಲಿ "ಗಡ್‌ಬಡ್ ಹೈ ಕ್ಯಾ?" ಎಂದು ಕೇಳಿದೆ. ಗುಜರಾತಿ ಹುಡುಗ ಗಾಬರಿಯಾಗಿ "ಕ್ಯಾ ಗಡ್‌ಬಡ್ ಹುವಾ ಅಂಕಲ್?" ಎಂದು ಗಲ್ಲಾದಿಂದ ಎದ್ದೇ ಬಂದ. ಹಿಂದಿಯಲ್ಲಿ ಅದಕ್ಕೆ ತೊಂದರೆ, ಎಡವಟ್ಟು ಎಂಬ ಅರ್ಥವಲ್ಲವೇ? ಮೊಮ್ಮಗ ಮನೆಯವರೆಗೂ ನಗುತ್ತಲೇ ಬಂದ. ಸರಿ, ನಾವೇ ಮಾಡುವುದೆಂದು ಗಟ್ಟಿ ಮಾಡಿದೆವು.

ಮೊದಲ ತೊಡಕು ಐಸ್‌ಕ್ರೀಮಿನದು. ದೊಡ್ಡ ಅಂಗಡಿಯಲ್ಲಿ ಒಂದೇ ಅಳತೆಯ ಎರಡು ಡಬ್ಬಿ ತಂದೆವು. ಎತ್ತಿದರೆ ಒಂದು ಹಗುರ, ಒಂದು ಭಾರ. ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ ಕಾಲು ಕಿಲೋ ವ್ಯತ್ಯಾಸ! ಐಸ್‌ಕ್ರೀಮ್ ಮಾಡುವಾಗ ಕಡೆಯುತ್ತ ಗಾಳಿ ಸೇರಿಸುತ್ತಾರೆ. ಗಾಳಿಯೇ ಇಲ್ಲದಿದ್ದರೆ ಅದು ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಹೆಚ್ಚು ಸೇರಿಸಿದರೆ ನಾವು ದುಡ್ಡು ಕೊಟ್ಟು ಗಾಳಿ ತಿಂದ ಹಾಗೆ. ಅದಕ್ಕೇ ಅಲ್ಲಿ ಕಾನೂನು ಉಂಟು: ಒಂದು ಗ್ಯಾಲನ್ ಐಸ್‌ಕ್ರೀಮ್ ಕನಿಷ್ಠ ನಾಲ್ಕೂವರೆ ಪೌಂಡು ತೂಗಬೇಕು. ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು 540 ಗ್ರಾಂ. ಹಾಲಿನ ಕೊಬ್ಬು ಶೇಕಡಾ 10ಕ್ಕಿಂತ ಕಡಿಮೆ ಇರಬಾರದು. ಹಗುರದ ಡಬ್ಬಿಯನ್ನು ಕನ್ನಡಕ ಹಾಕಿ ಓದಿದರೆ ಐಸ್‌ಕ್ರೀಮ್ ಎಂಬ ಮಾತೇ ಇಲ್ಲ, 'ಫ್ರೋಜನ್ ಡೈರಿ ಡೆಸರ್ಟ್' ಎಂದಿತ್ತು. ನಮ್ಮ ದೇಶದಲ್ಲೂ ಹಾಲಿನ ಕೊಬ್ಬಿನ ಬದಲು ಸಸ್ಯದ ಎಣ್ಣೆ ಹಾಕಿದ್ದಕ್ಕೆ 'ಫ್ರೋಜನ್ ಡೆಸರ್ಟ್' ಎಂದೇ ಬರೆಯುತ್ತಾರೆ. ಮುಂದಿನ ಸಲ ಡಬ್ಬಿ ಓದಿ ನೋಡಿ. ಮೊಮ್ಮಗ ಈಗ ಅಂಗಡಿಯಲ್ಲಿ ಪ್ರತಿ ಡಬ್ಬಿಯನ್ನೂ ಎತ್ತಿ ತೂಗಿ ನೋಡುತ್ತಾನೆ. ಅವನ ಅಮ್ಮನಿಗೆ ಇದೊಂದು ಹೊಸ ಉಪದ್ರ.

ಎರಡನೆಯದು ಜೆಲ್ಲಿ. ಅಲ್ಲಿ ಸಾಮಾನ್ಯವಾಗಿ ಸಿಗುವ ಜೆಲ್ಲಿ ಪುಡಿಯಲ್ಲಿ ಜೆಲಾಟಿನ್ ಇರುತ್ತದೆ. ಅದನ್ನು ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆಯುತ್ತಾರೆ. ಸಸ್ಯಾಹಾರಿಗಳಾದ ನಮಗೆ ಆಗದು. ನನ್ನವಳು ನೆನಪಿಸಿದಳು: "ಚೈನಾ ಗ್ರಾಸ್ ಇಲ್ವಾ?" ಅದು ಸಮುದ್ರದ ಪಾಚಿಯಿಂದ ಮಾಡುವಂಥದು, ಓಕ್ ಟ್ರೀ ರೋಡಿನಲ್ಲೇ ಸಿಕ್ಕಿತು. ನಾನು ಉದಾರವಾಗಿ ಒಂದು ಕಪ್ ನೀರಿಗೆ ದೊಡ್ಡ ಚಮಚದಲ್ಲಿ ಪುಡಿ ಹಾಕಿ ಕುದಿಸಿದೆ. ಗಟ್ಟಿಯಾಯಿತು, ಬಹಳವೇ ಗಟ್ಟಿಯಾಯಿತು. ಮೊಮ್ಮಗ ಒಂದು ತುಂಡನ್ನು ನೆಲಕ್ಕೆ ಬಿಟ್ಟರೆ ಪುಟಿಯಿತು! ನನ್ನವಳು ಏನೂ ಹೇಳಲಿಲ್ಲ, ಒಲೆಯ ಮುಂದಿನಿಂದ ನನ್ನನ್ನು ಸರಿಸಿದಳು ಅಷ್ಟೆ. ಸಣ್ಣ ಚಮಚದಲ್ಲಿ ಒಂದೇ ಚಮಚ ಪುಡಿ, ಕಪ್ಪಿಗಿಂತ ತುಸು ಹೆಚ್ಚು ನೀರು, ಸಕ್ಕರೆ, ಬಣ್ಣಕ್ಕೆ ಬೀಟ್‌ರೂಟಿನ ರಸ. ಮೇಜಿನ ಮೇಲಿಟ್ಟದ್ದು ಫ್ರಿಜ್ಜಿಗೆ ಹೋಗುವ ಮೊದಲೇ ಕೂತಿತು. ಜೆಲಾಟಿನ್ ತಂಪಿಲ್ಲದೆ ಕೂರುವುದಿಲ್ಲ, ಇದು ಕೋಣೆಯ ಬಿಸಿಯಲ್ಲೇ ಕೂರುತ್ತದೆ. ಇನ್ನೊಂದು ಲಾಭ: ಹಸಿ ಅನಾನಸ್ ಸೇರಿಸಿದರೆ ಅದರ ರಸ ಜೆಲಾಟಿನ್ನನ್ನು ಒಡೆದು ನೀರು ಮಾಡುತ್ತದೆ. ಪಾಚಿಯ ಜೆಲ್ಲಿಗೆ ಏನೂ ಆಗುವುದಿಲ್ಲ.

ಶನಿವಾರ ಸಂಜೆ ಲೋಟ ತುಂಬಿಸಿದೆವು. ಸಕ್ಕರೆ ಪರೀಕ್ಷೆ ಸರಿಯಾಗಿದೆ, ಮಿತವಾಗಿ ತಿನ್ನಬಹುದು ಎಂದು ಡಾಕ್ಟರು ಹೇಳಿಯಾಗಿತ್ತು. (ನನ್ನ ಸಕ್ಕರೆ ಸರಿಯಿಲ್ಲ. ನನಗೆ ಅನಾನಸಿನ ಎರಡು ಹೋಳು ಮಾತ್ರ ಮಂಜೂರಾಯಿತು.) ಮಗಳನ್ನು ಕರೆದು ಮುಂದಿಟ್ಟೆವು. ಅವಳು ಲೋಟವನ್ನು ಒಂದು ಸುತ್ತು ತಿರುಗಿಸಿ ನೋಡಿದಳು. ನನ್ನನ್ನು ನೋಡಿದಳು.

"ನಿನಗೆ ನೆನಪುಂಟಾ ಅಪ್ಪಾ?"

"ಉಂಟು" ಎಂದೆ. "ಆ ಸಲ ನಾನು ನಗಬಾರದಿತ್ತು."

ಅವಳು ಉತ್ತರಿಸಲಿಲ್ಲ, ತಿನ್ನತೊಡಗಿದಳು. ಐಡಿಯಲ್ಲಿನಷ್ಟು ಚೆನ್ನಾಗಿತ್ತೇ ಎಂದರೆ ಇರಲಿಲ್ಲ. ಸ್ಟ್ರಾಬೆರಿ ಐಸ್‌ಕ್ರೀಮ್ ತುಸು ಹುಳಿಯಿತ್ತು, ಅಂಜೂರ ಗಟ್ಟಿಯಿತ್ತು. ಅರ್ಧ ಮುಗಿದಾಗ ಇನ್ನೊಂದು ಸಂಗತಿ ಗೊತ್ತಾಯಿತು: ಮನೆಯಲ್ಲಿ ಉದ್ದ ಹಿಡಿಯ ಚಮಚವೇ ಇಲ್ಲ! ತಳದ ಜೆಲ್ಲಿಗೆ ಚಮಚ ತಾಗದು. ಮೊಮ್ಮಗ ಓಡಿಹೋಗಿ ಒಂದು ಚಮಚದ ಹಿಡಿಗೆ ಪೆನ್ಸಿಲನ್ನು ಟೇಪಿನಲ್ಲಿ ಅಂಟಿಸಿ ತಂದ. ಅದರಲ್ಲೇ ಮಗಳು ತಳದವರೆಗೂ ಕೆರೆದು ತಿಂದಳು.

ಲೋಟ ಕೆಳಗಿಟ್ಟು ಮಗನ ತಲೆಯ ಮೇಲೆ ಕೈಯಿಟ್ಟಳು.

"ಅಪ್ಪಾ, ಇದು ಇವನ ಸಲದ್ದು" ಎಂದಳು. "ಈ ಸಲದ್ದು ನಾಳೆ ಮಾಡು."

ಫ್ರಿಜ್ಜಿನಲ್ಲಿ ಹಣ್ಣು ಎಷ್ಟು ಉಳಿದಿದೆ ಎಂದು ನೋಡಲು ನನ್ನವಳು ಆಗಲೇ ಎದ್ದಿದ್ದಳು.