ಅಮರಗೋಳದಲ್ಲಿ ಕುದಿದ ಕಾರು

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟವರು ಸಾಮಾನ್ಯವಾಗಿ ಅಮರಗೋಳದಲ್ಲಿ ಇಳಿಯುವುದಿಲ್ಲ. ಉಣಕಲ್ಲಿನ ಕೆರೆಯನ್ನು ಕಂಡು ಕಿಟಕಿಯತ್ತ ಹೊರಳಿದ ಕಣ್ಣು ಭೈರಿದೇವರಕೊಪ್ಪ ಬರುವಷ್ಟರಲ್ಲಿ ಮತ್ತೆ ಒಳಕ್ಕೆ ತಿರುಗಿರುತ್ತದೆ. ಕೃಷಿ ಮಾರುಕಟ್ಟೆಯ ವಿಶಾಲವಾದ ಪ್ರಾಂಗಣ, ನವನಗರದ ಮನೆಗಳು, 2018ರಲ್ಲಿ ರಸ್ತೆಯ ನಡುವೆ ತಮ್ಮದೇ ಆದ ಹಾದಿಯಲ್ಲಿ ಓಡಾಟ ಆರಂಭಿಸಿದ ‘ಚಿಗರಿ’ ಬಸ್ಸುಗಳು, ಇವನ್ನೆಲ್ಲ ಅರೆನೋಟದಲ್ಲಿ ನೋಡುತ್ತ ಮುಂದೆ ಸಾಗುತ್ತೇವೆ. ಹೆದ್ದಾರಿಯಿಂದ ತುಸು ಒಳಗಿರುವ ಹಳೆಯ ಊರು ತನ್ನ ಪಾಡಿಗೆ ತಾನಿರುತ್ತದೆ. ನಾನೂ ಎಷ್ಟೋ ವರ್ಷ ಹಾಗೆಯೇ ಸಾಗಿದವನು. ಕಳೆದ ಚೈತ್ರದ ಒಂದು ಮಧ್ಯಾಹ್ನ ನಮ್ಮ ಕಾರು ಅಲ್ಲಿ ಕುದಿದು ನಿಲ್ಲದಿದ್ದರೆ ಇಂದಿಗೂ ಹಾಗೆಯೇ ಸಾಗುತ್ತಿದ್ದೆ.

ಕಾರು ನಮ್ಮ ಮಾವನವರದು. ಅವರು ತೀರಿಕೊಂಡ ಮೇಲೆ ಎರಡು ವರ್ಷ ಅದು ನವಲಗುಂದದ ಕಡೆಯ ಅವರ ಊರಿನಲ್ಲಿ, ಹತ್ತಿಯ ಚೀಲಗಳ ಮಗ್ಗುಲಲ್ಲಿ ನಿಂತಿತ್ತು. ಹುಬ್ಬಳ್ಳಿಗೆ ತಂದ ಮೇಲೆ ಅದಕ್ಕೊಂದು ವ್ಯಾಧಿ ಕಾಣಿಸಿಕೊಂಡಿತು. ಹತ್ತು ಹದಿನೈದು ಮೈಲಿ ಓಡಿತೆಂದರೆ ಉಷ್ಣತೆಯ ಮುಳ್ಳು ಕೆಂಪು ಗೆರೆಯನ್ನು ಮುಟ್ಟುತ್ತಿತ್ತು. ಮೊದಲು ತೋರಿಸಿದ ಕಡೆ ಥರ್ಮೋಸ್ಟಾಟ್ ಬದಲಾಯಿಸಿದರು. ಎರಡನೆಯವರು ನೀರಿನ ಪಂಪನ್ನು ಬದಲಾಯಿಸಿದರು. ಮೂರನೆಯವರು ಎಂಜಿನ್ನನ್ನು ಪೂರ್ತಿ ಬಿಚ್ಚಬೇಕೆಂದು ಹೇಳಿ, ಕಾರಿನ ಬೆಲೆಗಿಂತ ಹೆಚ್ಚಿನ ಖರ್ಚನ್ನು ಬರೆದುಕೊಟ್ಟರು. ಅಮೆರಿಕದ ಮಿನ್ನೆಸೋಟದಲ್ಲಿರುವ ನನ್ನ ಭಾವಮೈದುನ ಫೋನಿನಲ್ಲಿ, “ಮಾರಿಬಿಡ್ರಿ ಭಾವಾ” ಎಂದ. ಧಾರವಾಡದ ಒಬ್ಬ ಗುಜರಿ ವ್ಯಾಪಾರಿಯೊಡನೆ ಬೆಲೆಯೂ ನಿಶ್ಚಯವಾಯಿತು. ಹೊರಡುವ ದಿನ ನಮ್ಮ ಅತ್ತೆಯವರು, “ಧಾರವಾಡದ ತನಕಾ ನಾನೂ ಕೂಡತೀನಿ” ಎಂದು ಹಿಂದಿನ ಸೀಟಿನಲ್ಲಿ ಕುಳಿತುಬಿಟ್ಟರು. ಯಾರೂ ಬೇಡವೆನ್ನಲಿಲ್ಲ.

ಮಾರುಕಟ್ಟೆಯ ದ್ವಾರವನ್ನು ದಾಟಿ ಸ್ವಲ್ಪ ದೂರ ಹೋಗಿರಬೇಕು. ಬಾನೆಟ್ಟಿನ ಸಂದಿಯಿಂದ ಹಬೆ ಬುಸುಗುಟ್ಟುತ್ತ ಹೊರಬಂದಿತು. ಒಂದು ಬೇವಿನ ಮರದ ನೆರಳಿಗೆ ಕಾರನ್ನು ಸರಿಸಿ ಎಂಜಿನ್ ನಿಲ್ಲಿಸಿದೆ. ಹನ್ನೆರಡು ವರ್ಷದ ನನ್ನ ಮಗ ಉತ್ಸಾಹದಿಂದ ಬಾನೆಟ್ ಎತ್ತಿ ರೇಡಿಯೇಟರಿನ ಮುಚ್ಚಳಕ್ಕೆ ಕೈಹಾಕಿದನು.

“ಏ ತಮ್ಮಾ! ಕೈ ತಗೀ!”

ಹತ್ತಿರದಲ್ಲಿದ್ದ ಲಾರಿ ರಿಪೇರಿಯ ಸಣ್ಣ ಶೆಡ್ಡಿನಿಂದ ಒಬ್ಬ ಮುದುಕರು ಓಡಿಬಂದು ಹುಡುಗನ ತೋಳು ಹಿಡಿದೆಳೆದರು. ಎದೆ ಝಲ್ಲೆಂದಿತು. ಇದರ ಮರ್ಮವನ್ನು ವಾಚಕರೂ ತಿಳಿದಿರುವುದು ಲೇಸು. ಹುಬ್ಬಳ್ಳಿಯ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 98 ಡಿಗ್ರಿಯಲ್ಲಿ ಕುದಿಯುತ್ತದೆ. ಬಿಗಿಯಾದ ಮುಚ್ಚಳದ ಕೆಳಗೆ, ಒತ್ತಡದಲ್ಲಿರುವ ರೇಡಿಯೇಟರಿನ ನೀರು ನೂರು ಡಿಗ್ರಿಯನ್ನು ಮೀರಿದರೂ ನೀರಾಗಿಯೇ ಉಳಿಯುತ್ತದೆ. ಮುಚ್ಚಳ ತೆರೆದೊಡನೆ ಒತ್ತಡ ಇಳಿದು ಆ ನೀರು ಒಮ್ಮೆಲೇ ಹಬೆಯಾಗಿ ಮುಖಕ್ಕೆ ಚಿಮ್ಮುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯುವುದೂ ಅಷ್ಟೇ ಅವಿವೇಕ. ಹಾಗೆ ಮಾಡಿದರೆ ಲೋಹ ಬಿರುಕು ಬಿಡಬಹುದು.

“ಒಂದು ತಾಸು ಆರಲಿಕ್ಕೆ ಬಿಡ್ರಿ ಸಾಹೇಬ್ರ” ಎಂದರು ಮುದುಕರು. “ಅಲ್ಲೀ ತನಕಾ ಅವ್ವಾರನ್ನ ಕರಕೊಂಡು ಶಂಕರಲಿಂಗನ ದರ್ಶನಾ ಮಾಡಿ ಬರ್ರಿ.”

ಹೀಗೆ ನಾವು ಅಮರಗೋಳವನ್ನು ಹೊಕ್ಕೆವು. ಊರಿನಲ್ಲಿ ಶಂಕರಲಿಂಗ, ಬನಶಂಕರಿ ಇಬ್ಬರಿಗೂ ಪ್ರಾಚೀನ ಶಿಲಾಮಂದಿರಗಳಿವೆ. ನಮ್ಮ ಕಡೆಯ ಹಳೆಯ ಗುಡಿಗಳನ್ನೆಲ್ಲ ಜಕಣಾಚಾರಿಯೇ ಕಟ್ಟಿದನೆಂಬ ವಾಡಿಕೆ ಇಲ್ಲಿಯೂ ಉಂಟು. ಹೊರಗೆ ಮಾರುಕಟ್ಟೆಗೆ ಬರುವ ಲಾರಿಗಳ ಸದ್ದು. ಒಳಗೆ ಕಾಲಿಟ್ಟರೆ ತಂಪು, ಮೌನ. ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣದು. ಬರಬರುತ್ತ ಕಂಬಗಳು ಒಂದೊಂದಾಗಿ ಕತ್ತಲೆಯಿಂದ ಈಚೆಗೆ ಬರುತ್ತವೆ. ದಪ್ಪನೆಯ ಕಲ್ಲು ಕಾಯುವುದೂ ನಿಧಾನ, ಆರುವುದೂ ನಿಧಾನ. ಬೆಳಗಿನ ತಂಪನ್ನು ಅದು ಮಧ್ಯಾಹ್ನದವರೆಗೆ ಕಾಪಿಟ್ಟುಕೊಂಡಿತ್ತು. ನಮ್ಮ ಎಂಜಿನ್ನಿಗೆ ಆ ಭಾಗ್ಯವಿಲ್ಲ. ಪೆಟ್ರೋಲು ಉರಿದಾಗ ಹುಟ್ಟುವ ಶಾಖದಲ್ಲಿ ಹೆಚ್ಚೆಂದರೆ ಮೂರರಲ್ಲೊಂದು ಪಾಲು ಗಾಲಿಯನ್ನು ತಿರುಗಿಸುತ್ತದೆ. ಉಳಿದುದನ್ನು ಹೊಗೆಯೊಡನೆಯೂ ನೀರಿನೊಡನೆಯೂ ಕ್ಷಣಕ್ಷಣವೂ ಹೊರಗಟ್ಟುತ್ತಿರಬೇಕು.

ಅತ್ತೆಯವರು ಒಂದು ಕಂಬಕ್ಕೆ ಒರಗಿ ಕುಳಿತಿದ್ದರು. ಬಹಳ ಹೊತ್ತಿನ ಮೇಲೆ, “ಇಲ್ಲೆ ಒಮ್ಮೆ ಇಳಸ್ತೀನಿ ಅಂತ ಅವರು ಪ್ರತೀ ಸಲಾ ಅಂತಿದ್ರು” ಎಂದರು. “ಹೊಳ್ಳಿ ಬರೋ ಮುಂದ ಇಳಿಯೋಣು ಅಂತ. ಹೊಳ್ಳಿ ಬರೋ ಮುಂದ ಕತ್ತಲ ಆಗಿರತಿತ್ತು.”

ನಾವು ಮರಳಿದಾಗ ಮುದುಕರು ಕಾರಿನ ಪಕ್ಕದಲ್ಲಿ ಒಂದು ಸ್ಟೂಲು ಹಾಕಿಕೊಂಡು ಕುಳಿತಿದ್ದರು. ಕೈಯಲ್ಲಿ ಯಾವ ಪಾನವೂ ಇರಲಿಲ್ಲ. ಒಳ್ಳೆಯ ವೈದ್ಯರಂತೆ ಮೊದಲು ಪ್ರಶ್ನೆಗಳನ್ನೇ ಕೇಳಿದರು. ಕಾರು ನಿಂತಾಗ ಕಾಯುವುದೋ, ಓಡುವಾಗಲೋ? ಸಪಾಟು ರಸ್ತೆಯಲ್ಲೋ, ಏರಿನಲ್ಲೋ? ನೀರು ದಿನವೂ ಕಡಿಮೆಯಾಗುವುದೇ? ಹೊಗೆ ಬೆಳ್ಳಗೆ ಬರುವುದೇ? ಮೂರು ಕಡೆ ಹಣ ತೆತ್ತ ನನ್ನನ್ನು ಈ ಪ್ರಶ್ನೆಗಳನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

ಅನಂತರ ದಪ್ಪ ಬಟ್ಟೆಯಿಟ್ಟು ಮುಚ್ಚಳ ತೆರೆದು ನಿಧಾನವಾಗಿ ನೀರು ತುಂಬಿದರು. ಎಣ್ಣೆಯ ಕಡ್ಡಿಯನ್ನು ಎಳೆದು ಮಗನಿಗೆ ತೋರಿಸಿದರು. ಎಣ್ಣೆಗೆ ನೀರು ಸೇರಿದ್ದರೆ ಅದು ಹಾಲು ಹಾಕಿದ ಚಹದ ಬಣ್ಣಕ್ಕೆ ತಿರುಗುತ್ತಿತ್ತು, ತಿರುಗಿರಲಿಲ್ಲ. ಎಂಜಿನ್ ಚಾಲೂ ಮಾಡಿಸಿ ರೇಡಿಯೇಟರಿನ ಬಾಯಲ್ಲಿ ನೋಡಿದರು. ಒಳಗಿನ ಗ್ಯಾಸ್ಕೆಟ್ ಸುಟ್ಟಿದ್ದರೆ ಗುಳ್ಳೆಗಳು ಎದ್ದುಬರುತ್ತಿದ್ದವು, ಬರಲಿಲ್ಲ. “ಎಂಜಿನ್ ಗಟ್ಟಿ ಕಾಣಸ್ತೈತಿ” ಎಂದರು. ಮುಚ್ಚಳ ಹಾಕಿ, ಎಂಜಿನ್ ಕಾದ ಮೇಲೆ ಮೇಲಿನ ರಬ್ಬರ್ ನಳಿಗೆಯನ್ನೂ ಕೆಳಗಿನದನ್ನೂ ಎಚ್ಚರದಿಂದ ಮುಟ್ಟಿ ನೋಡಿದರು. ಎರಡೂ ಬಿಸಿಯಾಗಿದ್ದವು. ಅಂದರೆ ಪಂಪು, ಥರ್ಮೋಸ್ಟಾಟ್‌ಗಳ ತಪ್ಪಿಲ್ಲ. ನೀರು ಹರಿಯುತ್ತಿದೆ, ಆದರೆ ಆರದೆಯೇ ಮರಳುತ್ತಿದೆ.

ಬಳಿಕ ಹಳೆಯ ವೃತ್ತಪತ್ರಿಕೆಯ ಒಂದು ಹಾಳೆಯನ್ನು ಕಾರಿನ ಮುಂಭಾಗದ ಜಾಲರಿಗೆ ಹಿಡಿದರು. ಒಳಗೆ ಫ್ಯಾನು ತಿರುಗುತ್ತಿರುವಾಗ ಹಾಳೆ ಜಾಲರಿಗೆ ಅಂಟಿಕೊಳ್ಳಬೇಕಿತ್ತು. ಕೈಬಿಟ್ಟೊಡನೆ ಅದು ಜಾರಿ ನೆಲಕ್ಕೆ ಬಿತ್ತು. ಎಂಜಿನ್ ನಿಲ್ಲಿಸಿ ರೇಡಿಯೇಟರಿನ ಹಿಂಬದಿಯಿಂದ ಬ್ಯಾಟರಿ ಬಿಟ್ಟು, “ತಮ್ಮಾ, ಮುಂದಿನಿಂದ ಬೆಳಕು ಕಾಣಸ್ತದೇನು?” ಎಂದು ಮಗನನ್ನು ಕೇಳಿದರು. “ಇಲ್ಲ ಅಜ್ಜಾ” ಎಂದನು ಹುಡುಗ.

ಜಾಲರಿಯನ್ನು ಬಿಚ್ಚಿದಾಗ ಗುಟ್ಟು ಬಯಲಾಯಿತು. ರೇಡಿಯೇಟರಿನ ಎಸಳುಗಳ ನಡುವೆ ಅರಳೆಯ ಎಳೆ, ಜೋಳದ ಹೊಟ್ಟು, ಸತ್ತ ಹುಳುಗಳು, ಧೂಳು ಎಲ್ಲವೂ ಸೇರಿ ಕಂಬಳಿಯಂತೆ ಹೆಪ್ಪುಗಟ್ಟಿದ್ದವು. ಸುಗ್ಗಿಯ ದಿನಗಳಲ್ಲಿ ನಮ್ಮ ರೈತರು ಪೈರನ್ನು ರಸ್ತೆಯ ಮೇಲೆ ಹರವಿ ವಾಹನಗಳಿಂದ ತುಳಿಸುವುದನ್ನು ನೀವು ಕಂಡಿರಬಹುದು. ಮಾವನವರು ಅಂಥ ರಸ್ತೆಗಳಲ್ಲಿ ವರ್ಷಗಟ್ಟಲೆ ಕಾರು ಓಡಿಸಿದವರು.

“ನೀರು ಬಿಸಿ ಹೊತ್ತು ತರತೈತಿ, ಅಷ್ಟ” ಎಂದು ಮುದುಕರು ಮಾರುಕಟ್ಟೆಯತ್ತ ಕೈತೋರಿಸಿದರು. “ಅದನ್ನ ಕೊಳ್ಳಾವ ಗಾಳಿ. ಗಾಡಿ ತುಂಬ ಮಾಲು ಬಂತು, ಕೊಳ್ಳಾವ ಬರಲಿಲ್ಲಂದ್ರ ರೈತ ಏನು ಮಾಡ್ಯಾನು? ಹಂಗ ಹೊಳ್ಳಿ ಒಯ್ಯತಾನ.”

ನನಗೆ ಭಾವಮೈದುನ ಹೇಳಿದ್ದ ಒಂದು ಸಂಗತಿ ನೆನಪಾಯಿತು. ಅವನಿರುವ ಸೀಮೆಯಲ್ಲಿ ಚಳಿಗಾಲಕ್ಕೆ ಹಿಮದ ಮೇಲೆ ಓಡುವ ಸ್ನೋಮೊಬೈಲ್ ಎಂಬ ಬಂಡಿಗಳಿವೆ. ಮುಂದೆ ಜಾರುಪಟ್ಟಿ, ಹಿಂದೆ ಗಾಲಿಯ ಬದಲು ಉರುಳುವ ರಬ್ಬರ್ ಪಟ್ಟಿ. ನೀರಿನಿಂದ ತಂಪಾಗುವ ಎಷ್ಟೋ ಬಂಡಿಗಳಲ್ಲಿ ಬಿಸಿನೀರಿನ ಕೊಳವೆಗಳು ಸೀಟಿನ ಕೆಳಭಾಗದಲ್ಲಿರುತ್ತವೆ. ಪಟ್ಟಿಯು ಎರಚುವ ಹುಡಿಹಿಮ ತಾಗಿಯೇ ಅವು ಆರಬೇಕು. ಗಟ್ಟಿ ಮಂಜುಗಡ್ಡೆಯ ಮೇಲೆ ಓಡಿಸಿದರೆ ಹುಡಿ ಏಳದು. ಸುತ್ತಲೂ ಕೊರೆಯುವ ಚಳಿಯಿದ್ದರೂ ಎಂಜಿನ್ ಕುದಿಯತೊಡಗುತ್ತದೆ. ಹೊರಗೆಷ್ಟೇ ತಂಪಿದ್ದರೂ ಅದು ತಾಗಬೇಕಾದ ಕಡೆ ತಾಗದಿದ್ದರೆ ಫಲವಿಲ್ಲ. ಅಮರಗೋಳಕ್ಕೂ ಮಿನ್ನೆಸೋಟಕ್ಕೂ ನಿಯಮ ಒಂದೇ.

ಮುದುಕರು ಸಾಬೂನಿನ ನೀರು ಬಳಿದು, ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ಹಿಂಬದಿಯಿಂದ ಮುಂಬದಿಗೆ ನೀರು ಹಾಯಿಸಿದರು. ಎದುರಿನಿಂದ ರಭಸವಾಗಿ ನೀರು ಹೊಡೆದರೆ ಕಸ ಇನ್ನಷ್ಟು ಒಳಸೇರುತ್ತದೆ, ಎಸಳುಗಳೂ ಬಾಗುತ್ತವೆಯಂತೆ. ಮತ್ತೆ ಬ್ಯಾಟರಿ ಬಿಟ್ಟಾಗ ಸಾವಿರ ಕಿಂಡಿಗಳಲ್ಲಿ ಬೆಳಕು ಮೂಡಿತು. ಈ ಬಾರಿ ಪತ್ರಿಕೆಯ ಹಾಳೆ ಜಾಲರಿಗೆ ಅಂಟಿಕೊಂಡು ನಿಂತಿತು. ಅವರು ತೆಗೆದುಕೊಂಡದ್ದು ಎರಡು ತಾಸಿನ ಕೂಲಿ ಮಾತ್ರ. “ಭಾಳ ಸಲ ಕುದ್ದೈತಿ, ಹತ್ತು ದಿನ ಮುಳ್ಳಿನ ಮ್ಯಾಲ ಕಣ್ಣಿಡ್ರಿ. ನೀರಿನ ಬದಲು ಕೂಲಂಟ್ ಹಾಕಸ್ರಿ” ಎಂದು ಎಚ್ಚರಿಕೆಯನ್ನೂ ಹೇಳಿದರು.

ಧಾರವಾಡವು ಹುಬ್ಬಳ್ಳಿಗಿಂತ ಎತ್ತರದಲ್ಲಿದೆ. ರಾಯಾಪುರ ಕಳೆಯಿತು, ಸತ್ತೂರು ಕಳೆಯಿತು. ಮುಳ್ಳು ನಡುಮಧ್ಯದಲ್ಲಿ ನಿಂತದ್ದು ಅಲುಗಲಿಲ್ಲ. ಕಾರಿನಲ್ಲಿ ಯಾರೂ ಮಾತನಾಡಲಿಲ್ಲ. ಧಾರವಾಡವನ್ನು ಹೊಕ್ಕಾಗ ನಾನು ಗುಜರಿಯವನ ಕಡೆಗೆ ತಿರುಗಿಸಲೋ ಬೇಡವೋ ಎಂದು ವೇಗವನ್ನು ತಗ್ಗಿಸಿದೆ.

“ಪೇಡೆ ತಗೊಂಡು ಹೊಳ್ಳೋಣು” ಎಂದರು ಅತ್ತೆಯವರು. “ಎರಡು ಪೊಟ್ಟಣ ತಗೋರಿ. ಒಂದು ಆ ಅಮರಗೋಳದ ಹಿರಿಯಾರಿಗೆ. ಹೊಳ್ಳಿ ಹೋಗೋ ಮುಂದ ಇಳಿಯೋಣು.”

ವ್ಯಾಪಾರಿಗೆ ಫೋನು ಮಾಡಿ ಕ್ಷಮೆ ಕೇಳಿದೆ. ನಾವು ಅಮರಗೋಳವನ್ನು ಮುಟ್ಟಿದಾಗ ಇನ್ನೂ ಬೆಳಕಿತ್ತು.